ಉದಾರವಾದ ಮತ್ತು ವಿಶ್ವಸಂಸ್ಥೆಯ ಶಾಂತಿಪಾಲನೆ: ಪದೇ ಪದೇ ಕೇಳುವ ಪ್ರಶ್ನೆಗಳು

ರಾಜ್ಯಶಾಸ್ತ್ರದ ವಿದ್ಯಾರ್ಥಿಗಳು, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು, ಮನೆಯವರೊಬ್ಬರು ಕಾಂಗೊಗೋ ಲೆಬನಾನಿಗೋ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ನೀಲಿ ಹೆಲ್ಮೆಟ್ ತೊಟ್ಟು ಹೋಗಿರುವವರು ಕೇಳುತ್ತಲೇ ಇರುವ ಪ್ರಶ್ನೆಗಳಿವು. ಕೆಲವಕ್ಕೆ ಎರಡು ಸಾಲು ಸಾಕು, ಕೆಲವಕ್ಕೆ ಪುಟಗಟ್ಟಲೆ ಬೇಕು.

ಉದಾರವಾದ ಅಂದರೆ 1991ರ ಆರ್ಥಿಕ ಉದಾರೀಕರಣವೇ?

ಅಲ್ಲ. ಇಲ್ಲಿ ಉದಾರವಾದ ಎಂದರೆ ರಾಜಕೀಯ ಚಿಂತನೆಯ ಒಂದು ಪರಂಪರೆ. ವ್ಯಕ್ತಿಗೆ ಯಾರೂ ಕಿತ್ತುಕೊಳ್ಳಲಾಗದ ಹಕ್ಕುಗಳಿವೆ, ಆಳುವವರು ಆಳಿಸಿಕೊಳ್ಳುವವರ ಒಪ್ಪಿಗೆಯಿಂದ ಆಳಬೇಕು, ಅಧಿಕಾರ ಕಾನೂನಿಗೆ ತಲೆಬಾಗಬೇಕು ಎನ್ನುವ ಮೂರು ನಂಬಿಕೆಗಳು ಅದರ ತಿರುಳು. ಮುಕ್ತ ಮಾರುಕಟ್ಟೆ ಅದರ ಒಂದು ಕವಲು ಮಾತ್ರ. ಆದರೆ 1990ರ ದಶಕದ ಶಾಂತಿ ಕಾರ್ಯಾಚರಣೆಗಳಲ್ಲಿ ಆ ಕವಲೂ ಬಂದು ಸೇರಿಕೊಂಡಿತು.

ಈ ತತ್ತ್ವಕ್ಕೂ ಬಂದೂಕು ಹಿಡಿದು ಚೆಕ್‌ಪೋಸ್ಟ್ ಕಾಯುವ ಸೈನಿಕನಿಗೂ ಏನು ನಂಟು?

ಆ ಸೈನಿಕ ಯಾವಾಗ ಗುಂಡು ಹಾರಿಸಬಹುದು, ಯಾರ ಅನುಮತಿಯಿಂದ ಅಲ್ಲಿ ನಿಂತಿದ್ದಾನೆ, ಹೊರಡು ಎಂದರೆ ಹೊರಡಬೇಕೇ ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಬರುವುದು ಈ ತತ್ತ್ವದಿಂದಲೇ. ತೊಡಕು ಇರುವುದೂ ಅಲ್ಲೇ. ಉದಾರವಾದ ಒಂದೇ ಉಸಿರಿನಲ್ಲಿ ಎರಡು ಮಾತು ಹೇಳುತ್ತದೆ. ಒಂದು, ಪ್ರತಿ ಜನಸಮುದಾಯಕ್ಕೂ ತನ್ನ ಆಡಳಿತವನ್ನು ತಾನೇ ನಿರ್ಧರಿಸುವ ಹಕ್ಕಿದೆ, ಹೊರಗಿನವರು ಕೈಹಾಕಬಾರದು. ಇನ್ನೊಂದು, ಪ್ರತಿ ಮನುಷ್ಯನಿಗೂ ಜೀವ ಮತ್ತು ಸ್ವಾತಂತ್ರ್ಯದ ಹಕ್ಕಿದೆ, ಅದನ್ನು ಸ್ವಂತ ಸರ್ಕಾರವೂ ತುಳಿಯುವಂತಿಲ್ಲ. ಸರ್ಕಾರವೇ ತನ್ನ ಜನರನ್ನು ಕೊಲ್ಲತೊಡಗಿದಾಗ ಈ ಎರಡರಲ್ಲಿ ಒಂದನ್ನು ಬಿಡಲೇಬೇಕಾಗುತ್ತದೆ. 1948ರಿಂದ ಇಂದಿನವರೆಗೆ ವಿಶ್ವಸಂಸ್ಥೆ ಕಳಿಸಿದ 70ಕ್ಕೂ ಹೆಚ್ಚು ಪಡೆಗಳ ಚರಿತ್ರೆಯಲ್ಲಿ ಈ ಜಗ್ಗಾಟ ಮತ್ತೆ ಮತ್ತೆ ಎದುರಾಗುತ್ತದೆ.

ಎಲ್ಲರೂ ಕಾಂಟ್ ಹೆಸರು ಹೇಳುತ್ತಾರೆ. ಅವನು ಹೇಳಿದ್ದೇನು?

ಇಮ್ಮಾನ್ಯುಯೆಲ್ ಕಾಂಟ್ 1795ರಲ್ಲಿ ಶಾಶ್ವತ ಶಾಂತಿಯ ಬಗ್ಗೆ ಒಂದು ಪುಟ್ಟ ಪ್ರಬಂಧ ಬರೆದ. ಅದನ್ನು ಶಾಂತಿ ಒಪ್ಪಂದದ ಮಾದರಿಯಲ್ಲೇ ಕಟ್ಟಿದ: ಆರು ಪ್ರಾಥಮಿಕ ವಿಧಿಗಳು, ಮೂರು ನಿರ್ಣಾಯಕ ವಿಧಿಗಳು. ಪಠ್ಯಪುಸ್ತಕಗಳಲ್ಲಿ ಸಿಗುವುದು ಕೊನೆಯ ಮೂರು. ಪ್ರತಿ ರಾಜ್ಯದ ಸಂವಿಧಾನವೂ ಗಣತಂತ್ರವಾಗಿರಬೇಕು. ಸ್ವತಂತ್ರ ರಾಜ್ಯಗಳು ಸೇರಿ ಒಂದು ಒಕ್ಕೂಟ ಕಟ್ಟಿಕೊಳ್ಳಬೇಕು. ಪರದೇಶದಿಂದ ಬಂದವನನ್ನು ಶತ್ರುವಿನಂತೆ ಕಾಣಬಾರದು.

ಗಣತಂತ್ರ ಯಾಕೆ ಎನ್ನುವುದಕ್ಕೆ ಅವನ ಕಾರಣ ಸರಳ. ಯುದ್ಧದ ಖರ್ಚು, ಸಾವುನೋವು ಎಲ್ಲ ಹೊರಬೇಕಾದವರು ಪ್ರಜೆಗಳು. ಯುದ್ಧ ಬೇಕೋ ಬೇಡವೋ ಎಂದು ಅವರನ್ನೇ ಕೇಳಿದರೆ ಹತ್ತು ಸಲ ಯೋಚಿಸುತ್ತಾರೆ. ಅರಸನಿಗೆ ಅಂಥ ಕಷ್ಟ ಏನೂ ಇಲ್ಲ, ಅವನ ಔತಣ, ಬೇಟೆ ನಡೆದೇ ಇರುತ್ತವೆ.

ಜನ ಮರೆಯುವುದು ಐದನೆಯ ಪ್ರಾಥಮಿಕ ವಿಧಿಯನ್ನು. ಯಾವ ರಾಜ್ಯವೂ ಇನ್ನೊಂದು ರಾಜ್ಯದ ಸಂವಿಧಾನ ಮತ್ತು ಆಡಳಿತದಲ್ಲಿ ಬಲಪ್ರಯೋಗದಿಂದ ತಲೆಹಾಕಬಾರದು ಎಂದು ಅದು ಹೇಳುತ್ತದೆ. ಇಡೀ ಜಗತ್ತಿಗೆ ಒಂದೇ ಸರ್ಕಾರ ಎಂಬುದನ್ನೂ ಕಾಂಟ್ ಒಪ್ಪಲಿಲ್ಲ. ಅದು ಜೀವವಿಲ್ಲದ ಸರ್ವಾಧಿಕಾರವಾಗಿ, ಕೊನೆಗೆ ಅರಾಜಕತೆಗೆ ಜಾರುತ್ತದೆ ಎಂದ. ಆದ್ದರಿಂದ ಬಾಂಬು ಹಾಕಿ ಪ್ರಜಾಪ್ರಭುತ್ವ ತರುತ್ತೇವೆ ಎನ್ನುವವರು ಕಾಂಟ್ ಹೆಸರು ಎತ್ತಿದರೆ ಆ ಐದನೆಯ ವಿಧಿಯನ್ನು ತೆಗೆದು ತೋರಿಸಿ.

ಎರಡು ಶತಮಾನದ ನಂತರ, 1983ರಲ್ಲಿ, ಅಮೆರಿಕದ ವಿದ್ವಾಂಸ ಮೈಕೆಲ್ ಡಾಯ್ಲ್ ಈ ವಿಚಾರಕ್ಕೆ ಹೊಸ ಜೀವ ಕೊಟ್ಟರು. ಉದಾರವಾದಿ ರಾಜ್ಯಗಳು ಪರಸ್ಪರ ಯುದ್ಧ ಮಾಡುವುದು ಬಹಳ ಅಪರೂಪ, ಆದರೆ ಉಳಿದವರ ಮೇಲೆ ಬೀಳಲು ಅವು ಹಿಂದೆಮುಂದೆ ನೋಡುವುದಿಲ್ಲ ಎಂಬುದು ಅವರ ವಾದ. ಅದೇ ಡಾಯ್ಲ್ 2001ರಿಂದ 2003ರವರೆಗೆ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಕೋಫಿ ಅನ್ನಾನ್ ಅವರ ವಿಶೇಷ ಸಲಹೆಗಾರರಾಗಿದ್ದರು.

ಮತ್ತೆ ಮಿಲ್?

ಜಾನ್ ಸ್ಟುವರ್ಟ್ ಮಿಲ್ 1859ರಲ್ಲಿ ಮಧ್ಯಪ್ರವೇಶದ ಬಗ್ಗೆ ಬರೆದದ್ದರ ಸಾರ: ಹೊರಗಿನವರು ಗೆದ್ದು ಕೊಟ್ಟ ಸ್ವಾತಂತ್ರ್ಯ ನಿಲ್ಲುವುದಿಲ್ಲ, ಜನ ತಾವೇ ಹೋರಾಡಿ ಗಳಿಸಿದ್ದು ಮಾತ್ರ ನಿಲ್ಲುತ್ತದೆ. ಇದರಲ್ಲಿ ತೂಕವಿದೆ. ಆದರೆ ಅದೇ ಬರಹದಲ್ಲಿ ಈ ನಿಯಮ 'ಅನಾಗರಿಕ' ಜನಗಳಿಗೆ ಅನ್ವಯಿಸುವುದಿಲ್ಲ ಎಂದೂ ಬರೆದ. ಮಿಲ್ ಈಸ್ಟ್ ಇಂಡಿಯಾ ಕಂಪನಿಯಲ್ಲಿ ಮೂರು ದಶಕಕ್ಕೂ ಹೆಚ್ಚು ಕಾಲ ನೌಕರಿ ಮಾಡಿದವನು. ಶಾಂತಿ ಕಾರ್ಯಾಚರಣೆ ಎಂದರೆ ಆಫ್ರಿಕ, ಏಷ್ಯಗಳಲ್ಲಿ ಇವತ್ತಿಗೂ ಅನುಮಾನ ಹುಟ್ಟುವುದಕ್ಕೆ ಬೇರು ಅಲ್ಲಿದೆ.

ವಿಶ್ವಸಂಸ್ಥೆಯ ಸನ್ನದಿನ ಯಾವ ವಿಧಿಯಲ್ಲಿ ಶಾಂತಿಪಾಲನೆ ಇದೆ?

ಯಾವ ವಿಧಿಯಲ್ಲೂ ಇಲ್ಲ. 6ನೇ ಅಧ್ಯಾಯ ಮಾತುಕತೆ, ಸಂಧಾನಗಳ ಬಗ್ಗೆ. 7ನೇ ಅಧ್ಯಾಯ ನಿರ್ಬಂಧ ಮತ್ತು ಸೇನಾಕ್ರಮದ ಬಗ್ಗೆ. 43ನೇ ವಿಧಿಯ ಪ್ರಕಾರ ಸದಸ್ಯ ರಾಷ್ಟ್ರಗಳು ತಮ್ಮ ಪಡೆಗಳನ್ನು ಭದ್ರತಾ ಮಂಡಳಿಯ ಕೈಗೆ ಕೊಡುವ ಒಪ್ಪಂದ ಮಾಡಿಕೊಳ್ಳಬೇಕಿತ್ತು. ಶೀತಲ ಸಮರದಿಂದಾಗಿ ಅಂಥ ಒಂದು ಒಪ್ಪಂದವೂ ಆಗಲಿಲ್ಲ. ಆ ತೆರವಿನಲ್ಲಿ ಹುಟ್ಟಿಕೊಂಡದ್ದು ಶಾಂತಿಪಾಲನೆ. ಮಹಾಕಾರ್ಯದರ್ಶಿಯಾಗಿದ್ದ ದಾಗ್ ಹಮ್ಮರ್‌ಷೋಲ್ಡ್ ಅದನ್ನು 'ಆರೂವರೆ ಅಧ್ಯಾಯ' ಎಂದು ಕರೆದದ್ದು ಇದಕ್ಕೇ.

ಬೀಜ ಇನ್ನೂ ಹಿಂದಿನದು. 1935ರ ಜನವರಿ 13ರಂದು ಸಾರ್ ಪ್ರಾಂತ್ಯದಲ್ಲಿ ಜನಮತಗಣನೆ ನಡೆದಾಗ, ವಿಶ್ವಸಂಸ್ಥೆಗೂ ಮೊದಲಿದ್ದ ರಾಷ್ಟ್ರಸಂಘದ (ಲೀಗ್ ಆಫ್ ನೇಷನ್ಸ್) ಪರವಾಗಿ ಬ್ರಿಟನ್, ಇಟಲಿ, ಸ್ವೀಡನ್, ನೆದರ್ಲೆಂಡ್ಸ್‌ಗಳ ಸುಮಾರು 3,300 ಸೈನಿಕರು ಕಾವಲು ನಿಂತರು. ಮತದಾನ ಶಾಂತವಾಗಿ ನಡೆಯಿತು. ಶೇಕಡ 90ಕ್ಕೂ ಹೆಚ್ಚು ಮಂದಿ ಹಿಟ್ಲರನ ಜರ್ಮನಿಗೆ ಸೇರಲು ಮತ ಹಾಕಿದರು. ಪಡೆ ಮತಪೆಟ್ಟಿಗೆಯನ್ನು ಕಾಯಬಲ್ಲದು, ಒಳಗಿನ ಮತ ಯಾವ ಕಡೆಗೆ ಬೀಳುತ್ತದೆ ಎಂಬುದು ಅದರ ಕೈಯಲ್ಲಿಲ್ಲ.

ವಿಶ್ವಸಂಸ್ಥೆಯ ಮೊದಲ ವೀಕ್ಷಕರು 1948ರಲ್ಲಿ ಪ್ಯಾಲೆಸ್ತೀನಿಗೆ ಹೋದರು, 1949ರ ಆರಂಭದಲ್ಲಿ ಕಾಶ್ಮೀರಕ್ಕೆ ಬಂದರು. ಶಸ್ತ್ರಸಜ್ಜಿತ ಪಡೆ ಮೊದಲು ಹೋದದ್ದು 1956ರ ನವೆಂಬರಿನಲ್ಲಿ, ಸೂಯೆಜ್ ಬಿಕ್ಕಟ್ಟಿಗೆ. ಈಜಿಪ್ಟಿನ ಮೇಲೆ ದಾಳಿ ಮಾಡಿದ್ದ ಬ್ರಿಟನ್, ಫ್ರಾನ್ಸ್ ಎರಡೂ ವೀಟೊ ಇರುವ ದೇಶಗಳಾದ್ದರಿಂದ ಭದ್ರತಾ ಮಂಡಳಿ ಕಟ್ಟಿಹಾಕಿದಂತಾಗಿತ್ತು. ಸಾಮಾನ್ಯ ಸಭೆಯೇ ತುರ್ತು ಅಧಿವೇಶನದಲ್ಲಿ ಪಡೆಯನ್ನು ರಚಿಸಿತು. ಈ ಪ್ರಸ್ತಾಪ ತಂದ ಕೆನಡಾದ ಲೆಸ್ಟರ್ ಪಿಯರ್ಸನ್ ಅವರಿಗೆ ಮರುವರ್ಷ ನೊಬೆಲ್ ಶಾಂತಿ ಪುರಸ್ಕಾರ ಸಿಕ್ಕಿತು.

ಶಾಂತಿಪಾಲನೆಯ ಮೂರು ಸೂತ್ರಗಳು ಯಾವುವು? ಅವುಗಳಲ್ಲಿ ಉದಾರವಾದ ಎಲ್ಲಿದೆ?

ಒಪ್ಪಿಗೆ, ನಿಷ್ಪಕ್ಷಪಾತ, ಮಿತ ಬಲಪ್ರಯೋಗ.

ಒಪ್ಪಿಗೆಯೇ ಬುನಾದಿ. ಆತಿಥೇಯ ಸರ್ಕಾರವೂ ಜಗಳದ ಮುಖ್ಯ ಪಕ್ಷಗಳೂ ಒಪ್ಪಬೇಕು. ಸಾಮಾಜಿಕ ಒಪ್ಪಂದದ ತತ್ತ್ವವನ್ನು ರಾಜ್ಯಗಳ ನಡುವೆ ತಂದಂತೆ ಇದು. ಒಪ್ಪಿಗೆ ಹಿಂತೆಗೆದುಕೊಂಡರೆ ಏನಾಗುತ್ತದೆ ಎನ್ನುವುದಕ್ಕೆ 1967 ಸಾಕ್ಷಿ. ಆ ವರ್ಷದ ಮೇ ತಿಂಗಳಲ್ಲಿ ಈಜಿಪ್ಟಿನ ಅಧ್ಯಕ್ಷ ನಾಸರ್ ಸೂಯೆಜ್ ಬಿಕ್ಕಟ್ಟಿನಲ್ಲಿ ಬಂದಿದ್ದ ವಿಶ್ವಸಂಸ್ಥೆಯ ಪಡೆಗೆ ಹೊರಡಲು ಹೇಳಿದರು, ಮಹಾಕಾರ್ಯದರ್ಶಿ ಊ ಥಾಂಟ್ ಒಪ್ಪಿದರು. ಜೂನ್ 5ಕ್ಕೆ ಇಸ್ರೇಲಿನೊಡನೆ ಯುದ್ಧ ಶುರುವಾಯಿತು. ಥಾಂಟ್ ಅವರನ್ನು ಬಹಳ ಜನ ದೂರಿದರು. ಆದರೆ ಒಪ್ಪಿಗೆಯ ಮೇಲೆ ನಿಂತ ಪಡೆ ಒಪ್ಪಿಗೆ ಹೋದ ಮೇಲೆ ನಿಂತರೆ ಅದು ಆಕ್ರಮಣ ಪಡೆಯೇ ಆಗುತ್ತದೆ. ಮಾಲಿ ದೇಶದಲ್ಲೂ ಹಾಗೇ ಆಯಿತು: ಅಲ್ಲಿನ ಸೇನಾ ಆಡಳಿತ 2023ರ ಜೂನ್‌ನಲ್ಲಿ ಹೊರಡಿ ಎಂದಿತು, ಡಿಸೆಂಬರ್ 31ರೊಳಗೆ ಪಡೆ ಜಾಗ ಖಾಲಿ ಮಾಡಿತು.

ನಿಷ್ಪಕ್ಷಪಾತಕ್ಕೂ ತಟಸ್ಥತೆಗೂ ವ್ಯತ್ಯಾಸ ಇದೆ. ತಟಸ್ಥನಾದವನು ಏನು ನಡೆದರೂ ಸುಮ್ಮನಿರುತ್ತಾನೆ. ನಿಷ್ಪಕ್ಷಪಾತಿ ಎಲ್ಲರಿಗೂ ಒಂದೇ ನಿಯಮ ಅನ್ವಯಿಸುತ್ತಾನೆ, ಮುರಿದವರು ಯಾರೇ ಆದರೂ ತಡೆಯುತ್ತಾನೆ. 2000ದ ಆಗಸ್ಟಿನಲ್ಲಿ ಲಖ್ದರ್ ಬ್ರಾಹಿಮಿ ನೇತೃತ್ವದ ಸಮಿತಿಯ ವರದಿ ಈ ಗೆರೆಯನ್ನು ಸ್ಪಷ್ಟವಾಗಿ ಎಳೆಯಿತು. ಕೊಲೆಗಾರನನ್ನೂ ಕೊಲೆಗೀಡಾಗುವವನನ್ನೂ ಸಮಾನವಾಗಿ ಕಾಣುವುದು ಅಸಹಾಯಕತೆ, ಕೆಲವೊಮ್ಮೆ ಅಪರಾಧದಲ್ಲಿ ಪಾಲುಗಾರಿಕೆ ಎಂದಿತು.

ಬಲಪ್ರಯೋಗ ಮೊದಲು ಆತ್ಮರಕ್ಷಣೆಗೆ ಮಾತ್ರ ಇತ್ತು. ಈಗ ಮ್ಯಾಂಡೇಟ್ (ಕಾರ್ಯಾದೇಶ), ಅಂದರೆ ಮಂಡಳಿ ವಹಿಸಿದ ಕೆಲಸದ ರಕ್ಷಣೆಗೂ ಅನುಮತಿ ಇದೆ.

ಜನರಲ್ ತಿಮ್ಮಯ್ಯನವರಿಗೂ ಇದಕ್ಕೂ ಏನು ಸಂಬಂಧ?

ಕೊಡಗಿನ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ ಎರಡು ಕಡೆ ಈ ಕೆಲಸದಲ್ಲಿದ್ದರು. ಮೊದಲನೆಯದು ಕೊರಿಯಾ. ಅದು ಲೆಕ್ಕಕ್ಕೆ ವಿಶ್ವಸಂಸ್ಥೆಯ ಶಾಂತಿಪಾಲನೆ ಅಲ್ಲ, ಕೊರಿಯಾ ಯುದ್ಧದ 1953ರ ಜುಲೈ ಕದನವಿರಾಮ ಒಪ್ಪಂದದಿಂದ ಹುಟ್ಟಿದ ಆಯೋಗ. ಆದರೂ ಉದಾರವಾದದ ಪ್ರಶ್ನೆ ಇಷ್ಟು ನೇರವಾಗಿ ಎದುರಾದ ಸಂದರ್ಭ ಕಡಿಮೆ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳಬೇಕು.

ಯುದ್ಧ ಮುಗಿದ ಮೇಲೆ ಕೈದಿಗಳನ್ನು ತಡಮಾಡದೆ ಬಿಡುಗಡೆ ಮಾಡಿ ತಾಯ್ನಾಡಿಗೆ ಕಳಿಸಬೇಕು ಎಂದು 1949ರ ಜಿನೀವಾ ಒಪ್ಪಂದದ 118ನೇ ವಿಧಿ ಹೇಳುತ್ತದೆ. ಆದರೆ ಅಮೆರಿಕ ನೇತೃತ್ವದ ಪಡೆಯ ಬಳಿ ಇದ್ದ ಚೀನೀ ಮತ್ತು ಉತ್ತರ ಕೊರಿಯದ ಕೈದಿಗಳಲ್ಲಿ 22,000ಕ್ಕೂ ಹೆಚ್ಚು ಮಂದಿ ವಾಪಸ್ ಹೋಗುವುದಿಲ್ಲ ಎಂದರು. ಕಮ್ಯುನಿಸ್ಟರ ವಶದಲ್ಲಿದ್ದ ಕೈದಿಗಳಲ್ಲಿ ಅಲ್ಲೇ ಉಳಿಯುತ್ತೇವೆ ಎಂದವರು 359 ಮಂದಿ, ಅವರಲ್ಲಿ 23 ಅಮೆರಿಕನ್ನರು. ಕೈದಿ ಯಾರವನು? ಅವನ ದೇಶದವನೋ, ತನಗೆ ತಾನೇ ಒಡೆಯನೋ? ಈ ಒಂದು ಪ್ರಶ್ನೆಗೆ ಸಿಕ್ಕಿ ಕದನವಿರಾಮದ ಮಾತುಕತೆ ತಿಂಗಳುಗಟ್ಟಲೆ ನಿಂತಿತ್ತು.

ಪರಿಹಾರವಾಗಿ ಬಂದದ್ದು ತಟಸ್ಥ ರಾಷ್ಟ್ರಗಳ ಆಯೋಗ: ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್, ಚೆಕೊಸ್ಲೊವಾಕಿಯ, ಅಧ್ಯಕ್ಷತೆ ಭಾರತದ್ದು. ಅಧ್ಯಕ್ಷರು ತಿಮ್ಮಯ್ಯ. ಕೈದಿಗಳ ಕಾವಲಿಗೆ ಮೇಜರ್ ಜನರಲ್ ಎಸ್.ಪಿ.ಪಿ. ಥೋರಾಟ್ ನೇತೃತ್ವದ ಭಾರತೀಯ ಪಡೆ. ದಕ್ಷಿಣ ಕೊರಿಯದ ಅಧ್ಯಕ್ಷ ಸಿಂಗ್‌ಮನ್ ರೀ ತಮ್ಮ ನೆಲದ ಮೇಲೆ ಭಾರತೀಯರು ಕಾಲಿಡಕೂಡದು ಎಂದದ್ದರಿಂದ, ಇಂಚಾನ್ ತೀರದ ಹಡಗುಗಳಿಂದ ಸೈನಿಕರನ್ನು ಹೆಲಿಕಾಪ್ಟರುಗಳಲ್ಲಿ ನೇರವಾಗಿ ಸೇನಾಮುಕ್ತ ವಲಯಕ್ಕೆ ಇಳಿಸಬೇಕಾಯಿತು.

ವಿಧಾನ ಹೀಗಿತ್ತು. ಕೈದಿಗಳ ತಾಯ್ನಾಡಿನ ಪ್ರತಿನಿಧಿಗಳು ಅವರಿಗೆ ಮನವರಿಕೆ ಮಾಡಲು 90 ದಿನ. ಸಾವಿರ ಕೈದಿಗಳಿಗೆ ಹೆಚ್ಚೆಂದರೆ ಏಳು ಪ್ರತಿನಿಧಿಗಳು. ಒಂದು ಡೇರೆ, ಒಳಗೆ ಐದೂ ದೇಶಗಳವರ ಸಮ್ಮುಖದಲ್ಲಿ ಮಾತು, ಹೊರಹೋಗಲು ಎರಡು ಬಾಗಿಲು. ಒಂದು ಬಾಗಿಲು ಊರಿಗೆ, ಇನ್ನೊಂದು ಮತ್ತೆ ಶಿಬಿರಕ್ಕೆ. ಕಾಗದದ ಮೇಲೆ ಸ್ವತಂತ್ರ ಆಯ್ಕೆಗೆ ಇದಕ್ಕಿಂತ ಚೆನ್ನಾದ ವ್ಯವಸ್ಥೆ ಬೇಕಿಲ್ಲ.

ಕೆಟ್ಟದ್ದು ಡೇರೆಯ ಹೊರಗೆ. ಶಿಬಿರಗಳ ಒಳಗೆ ಕೈದಿಗಳದೇ ಬಿಗಿಯಾದ ಸಂಘಟನೆಗಳಿದ್ದವು. ವಾಪಸ್ ಹೋಗಬೇಕೆನ್ನುವವನು ಜೀವಭಯದಲ್ಲೇ, ಕದ್ದುಮುಚ್ಚಿ ಬರಬೇಕಾಗಿತ್ತು. ಆಯೋಗದ ಬಹುಮತದ ವರದಿಯೇ ಹೀಗೆಂದಿತು. ಇಡೀ ಇಡೀ ಕಾಂಪೌಂಡುಗಳು ಡೇರೆಗೆ ಬರಲು ಒಪ್ಪದ್ದರಿಂದಲೂ ಎರಡೂ ಕಡೆಯವರ ತಕರಾರುಗಳಿಂದಲೂ ಬಹುಪಾಲು ದಿನ ವ್ಯರ್ಥವಾದವು. ಉಳಿದವರ ಭವಿಷ್ಯ ನಿರ್ಧರಿಸಬೇಕಿದ್ದ ರಾಜಕೀಯ ಸಮ್ಮೇಳನ ಸೇರಲೇ ಇಲ್ಲ. 1954ರ ಜನವರಿ 20ರಂದು ತಿಮ್ಮಯ್ಯ ಕೈದಿಗಳನ್ನು ಯಾವ ಪಕ್ಷದಿಂದ ಪಡೆದಿದ್ದರೋ ಆ ಪಕ್ಷಕ್ಕೇ ಒಪ್ಪಿಸತೊಡಗಿದರು. ಯಾವ ಕಡೆಯೂ ಬೇಡ ಎಂದ 88 ಮಂದಿ ಭಾರತೀಯ ಪಡೆಯ ಜೊತೆ ಭಾರತಕ್ಕೆ ಬಂದರು.

ಆಯ್ಕೆಯ ಹಕ್ಕು ಕೊಟ್ಟರೆ ಸಾಲದು, ಆಯ್ಕೆ ಮಾಡುವವನ ಪಕ್ಕದಲ್ಲಿ ಯಾರು ಮಲಗಿರುತ್ತಾರೆ ಎನ್ನುವುದನ್ನೂ ನೋಡಬೇಕು. ಈ ಪಾಠ ನಂತರದ ಚುನಾವಣಾ ಕಾರ್ಯಾಚರಣೆಗಳಿಗೆಲ್ಲ ಬೇಕಾಯಿತು.

ಎರಡನೆಯದು ಸೈಪ್ರಸ್. 1964ರ ಮಾರ್ಚಿನಲ್ಲಿ ರಚನೆಯಾದ ವಿಶ್ವಸಂಸ್ಥೆಯ ಪಡೆಗೆ ಅದೇ ವರ್ಷ ತಿಮ್ಮಯ್ಯ ದಂಡನಾಯಕರಾದರು. 1965ರ ಡಿಸೆಂಬರ್ 18ರಂದು ಕರ್ತವ್ಯದಲ್ಲಿರುವಾಗಲೇ ತೀರಿಕೊಂಡರು. ಸೈಪ್ರಸ್ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು. ಮಡಿಕೇರಿಯ ಅವರ ಮನೆ 'ಸನ್ನಿಸೈಡ್' ಈಗ ವಸ್ತುಸಂಗ್ರಹಾಲಯ. ಆ ಪಡೆ ಸೈಪ್ರಸ್ಸಿನಲ್ಲಿ ಇಂದಿಗೂ ಇದೆ.

ಒಂದು ಶಾಂತಿಪಾಲನಾ ಪಡೆ ಹುಟ್ಟುವುದು ಹೇಗೆ?

ಮೊದಲು ಕದನವಿರಾಮವೋ ಶಾಂತಿ ಒಪ್ಪಂದವೋ ಆಗಬೇಕು, ಇಲ್ಲವೇ ಆಗುವ ಲಕ್ಷಣವಿರಬೇಕು. ಆಮೇಲೆ ಸಚಿವಾಲಯದ ತಂಡವೊಂದು ಸ್ಥಳಕ್ಕೆ ಹೋಗಿ ರಸ್ತೆ, ನೀರು, ವಿಮಾನನಿಲ್ದಾಣ, ಸಶಸ್ತ್ರ ಗುಂಪುಗಳು ಎಲ್ಲ ನೋಡಿ ಬರುತ್ತದೆ. ಮಹಾಕಾರ್ಯದರ್ಶಿ ಎಷ್ಟು ಜನ ಬೇಕು, ಏನು ಕೆಲಸ ಎಂದು ವರದಿ ಕೊಡುತ್ತಾರೆ. ಭದ್ರತಾ ಮಂಡಳಿಯ 15 ಸದಸ್ಯರಲ್ಲಿ ಕನಿಷ್ಠ 9 ಮತ ಬೇಕು, ಐವರು ಕಾಯಂ ಸದಸ್ಯರಲ್ಲಿ ಯಾರೂ ವೀಟೊ ಹಾಕಬಾರದು. ನಿರ್ಣಯ ಆದ ಮೇಲೆ ಹಣ: ಬಜೆಟ್ಟನ್ನು ಸಾಮಾನ್ಯ ಸಭೆಯ ಐದನೇ ಸಮಿತಿ ಜಾಲಾಡುತ್ತದೆ. ವಿಶ್ವಸಂಸ್ಥೆಗೆ ಸ್ವಂತ ಸೈನ್ಯ ಇಲ್ಲದ ಕಾರಣ ಮಹಾಕಾರ್ಯದರ್ಶಿಯವರ ಕಚೇರಿ ದೇಶ ದೇಶಕ್ಕೆ ಫೋನ್ ಮಾಡಿ ಪಡೆ ಕೇಳಬೇಕು. ಕೊಡಲೊಪ್ಪಿದ ದೇಶದ ಜೊತೆ ಒಂದು ಒಪ್ಪಂದ, ಆತಿಥೇಯ ದೇಶದ ಜೊತೆ ಇನ್ನೊಂದು.

ಎಡವುವುದು ಸಾಮಾನ್ಯವಾಗಿ ನಿರ್ಣಯ ಆದ ಮೇಲೆ. ಸರಳ ಕಾರ್ಯಾಚರಣೆಗೆ 30 ದಿನ, ಸಂಕೀರ್ಣವಾದದ್ದಕ್ಕೆ 90 ದಿನದಲ್ಲಿ ಪಡೆ ಇಳಿಯಬೇಕು ಎಂದು ಬ್ರಾಹಿಮಿ ವರದಿ ಗುರಿ ಇಟ್ಟಿತ್ತು. ಆ ಗುರಿ ಮುಟ್ಟುವುದು ಅಪರೂಪ. ಕಾಲಾಳುಗಳು ಸಿಗುತ್ತಾರೆ, ಹೆಲಿಕಾಪ್ಟರ್, ಆಸ್ಪತ್ರೆ, ಎಂಜಿನಿಯರ್ ಘಟಕ ಸಿಗುವುದಿಲ್ಲ. ಮೊದಲ ತಿಂಗಳುಗಳಲ್ಲೇ ಜನ ನಂಬಿಕೆ ಕಳೆದುಕೊಳ್ಳುತ್ತಾರೆ.

ಶೀತಲ ಸಮರ ಮುಗಿದ ಮೇಲೆ ಏನು ಬದಲಾಯಿತು?

ಅಲ್ಲಿಯವರೆಗೆ ಪಡೆಗಳು ಮುಖ್ಯವಾಗಿ ಎರಡು ಸೈನ್ಯಗಳ ನಡುವೆ ನಿಲ್ಲುತ್ತಿದ್ದವು. ಕಾಂಗೊ (1960-64) ದೊಡ್ಡ ಅಪವಾದ. 1989ರಿಂದ ರಾಜ್ಯವನ್ನೇ ಕಟ್ಟಿಕೊಡುವ ಕೆಲಸ ಬಂತು: ಚುನಾವಣೆ, ಪೊಲೀಸ್, ನ್ಯಾಯಾಲಯ, ಮಾನವ ಹಕ್ಕು, ಮಾರುಕಟ್ಟೆ. ಉದಾರವಾದಿ ರಾಜ್ಯ ಶಾಂತಿಯ ರಾಜ್ಯ ಎಂಬ ನಂಬಿಕೆ ಕಾರ್ಯಸೂಚಿಯಾಯಿತು. 1992ರಲ್ಲಿ ಮಹಾಕಾರ್ಯದರ್ಶಿ ಬುತ್ರೋಸ್ ಘಾಲಿ ಮಂಡಿಸಿದ ವರದಿ ಇದಕ್ಕೆ ಚೌಕಟ್ಟು ಕೊಟ್ಟಿತು.

ದಕ್ಷಿಣ ಆಫ್ರಿಕದ ಹಿಡಿತದಲ್ಲಿದ್ದ ನಮೀಬಿಯ ಇದರ ಒಳ್ಳೆಯ ಉದಾಹರಣೆ. 1989ರಲ್ಲಿ ಇಳಿದ ಪಡೆಗೆ ಭಾರತದ ಲೆಫ್ಟಿನೆಂಟ್ ಜನರಲ್ ದೇವಾನ್ ಪ್ರೇಮ್ ಚಂದ್ ದಂಡನಾಯಕರು. ಸೈನಿಕರಷ್ಟೇ ಮುಖ್ಯವಾದದ್ದು ಪೊಲೀಸ್ ಮೇಲ್ವಿಚಾರಕರು. ಹಳ್ಳಿಗಳಲ್ಲಿ ಹಳೆಯ ಪೊಲೀಸರ ದೌರ್ಜನ್ಯ ನಿಲ್ಲಲಿಲ್ಲವೆಂದು ಅವರ ಸಂಖ್ಯೆಯನ್ನು 1,500ಕ್ಕೆ ಏರಿಸಲಾಯಿತು. ನವೆಂಬರಿನಲ್ಲಿ ಶೇಕಡ 97ರಷ್ಟು ಮತದಾನವಾಯಿತು. ಸ್ವಾತಂತ್ರ್ಯಕ್ಕಾಗಿ ಹೋರಾಡಿದ್ದ ಸ್ವಾಪೊ ಪಕ್ಷಕ್ಕೆ 72ರಲ್ಲಿ 41 ಸ್ಥಾನ ಬಂತು. ಮೂರನೇ ಎರಡರಷ್ಟು ಬಹುಮತ ಇಲ್ಲದ್ದರಿಂದ ಸಂವಿಧಾನವನ್ನು ಎದುರಾಳಿಗಳ ಜೊತೆ ಕೂತೇ ಬರೆಯಬೇಕಾಯಿತು. ಆ ಸಂವಿಧಾನದ ಮೂಲತತ್ತ್ವಗಳನ್ನು 1982ರಲ್ಲೇ ಎಲ್ಲರೂ ಒಪ್ಪಿದ್ದರು. 1990ರ ಮಾರ್ಚ್ 21ರಂದು ದೇಶ ಸ್ವತಂತ್ರವಾಯಿತು.

ಕಾಂಬೋಡಿಯಾದ್ದು ಬೆರಕೆ ಫಲಿತಾಂಶ. 1992-93ರಲ್ಲಿ ಸುಮಾರು 22,000 ಮಂದಿ ಹೋದರು. ರಕ್ಷಣೆ, ಹಣಕಾಸು, ವಿದೇಶಾಂಗ, ಆಂತರಿಕ ಭದ್ರತೆ, ವಾರ್ತೆ ಈ ಐದು ಖಾತೆಗಳ ಹಿಡಿತ ವಿಶ್ವಸಂಸ್ಥೆಯದು ಎಂದು ಒಪ್ಪಂದದಲ್ಲಿತ್ತು. ಹಿಡಿತ ಕಾಗದದಲ್ಲೇ ಉಳಿಯಿತು, ಕೆಳಗಿನ ಅಧಿಕಾರಿಗಳು ಹಳೆಯ ಪಕ್ಷದವರೇ. 1993ರ ಮೇ ತಿಂಗಳಲ್ಲಿ ಜನ ಧೈರ್ಯದಿಂದ ಬಂದು ಶೇಕಡ 90ರಷ್ಟು ಮತ ಹಾಕಿದರು. ಸೋತ ಪ್ರಧಾನಿ ಹುನ್ ಸೆನ್ ಕುರ್ಚಿ ಬಿಡಲಿಲ್ಲ. ಇಬ್ಬರು ಪ್ರಧಾನಿಗಳ ವ್ಯವಸ್ಥೆ ಮಾಡಿದರು. 1997ರಲ್ಲಿ ಹುನ್ ಸೆನ್ ಇನ್ನೊಬ್ಬ ಪ್ರಧಾನಿಯನ್ನು ಬಲದಿಂದ ಹೊರದೂಡಿದರು.

ಚುನಾವಣೆ ನಡೆದರೂ ಯುದ್ಧ ಮರುಕಳಿಸುವುದೇಕೆ?

ಅಂಗೋಲಾ ಮತ್ತು ಸಿಯೆರಾ ಲಿಯೋನ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿ.

ಅಂಗೋಲಾದಲ್ಲಿ 1991ರ ಮೇ ತಿಂಗಳಲ್ಲಿ ಒಪ್ಪಂದ, 1992ರ ಸೆಪ್ಟೆಂಬರ್ ಕೊನೆಗೆ ಚುನಾವಣೆ. ಅಷ್ಟು ದೊಡ್ಡ ದೇಶಕ್ಕೆ ವಿಶ್ವಸಂಸ್ಥೆ ಕಳಿಸಿದ್ದು 350 ಸೇನಾ ವೀಕ್ಷಕರು, 126 ಪೊಲೀಸರು. ಎರಡೂ ಸೈನ್ಯಗಳು ಇಡಿಯಾಗಿ ಉಳಿದಿದ್ದವು, ನಿಶ್ಶಸ್ತ್ರೀಕರಣ ಅರ್ಧಕ್ಕೆ ನಿಂತಿತ್ತು. ಗೆದ್ದವನಿಗೆ ಎಲ್ಲ, ಸೋತವನಿಗೆ ಏನೂ ಇಲ್ಲ ಎಂಬ ವ್ಯವಸ್ಥೆ. ಅಧ್ಯಕ್ಷ ದೋಸ್ ಸಾಂತೋಸ್‌ಗೆ ಶೇಕಡ 49.57, ಬಂಡುಕೋರರ ನಾಯಕ ಸವಿಂಬಿಗೆ ಶೇಕಡ 40.07 ಮತ ಬಂತು. ಸವಿಂಬಿ ಕಾಡಿಗೆ ಮರಳಿದ. ಅವನು ಸಾಯುವವರೆಗೆ, ಅಂದರೆ 2002ರ ಫೆಬ್ರವರಿವರೆಗೆ, ಯುದ್ಧ ನಿಂತುನಿಂತು ನಡೆಯಿತು.

ಸಿಯೆರಾ ಲಿಯೋನಿನಲ್ಲಿ ಆರಂಭವೇ ಅನಾಹುತ. 2000ದ ಮೇ ತಿಂಗಳಲ್ಲಿ ಬಂಡುಕೋರರು ಸುಮಾರು 500 ಶಾಂತಿಪಾಲಕರನ್ನು ಸೆರೆಹಿಡಿದರು. ಕೈಲಾಹುನ್‌ನಲ್ಲಿ ಮುತ್ತಿಗೆಗೆ ಸಿಕ್ಕಿದ್ದ ಭಾರತೀಯ ತುಕಡಿಯನ್ನು ಜುಲೈನಲ್ಲಿ 'ಆಪರೇಷನ್ ಖುಕ್ರಿ' ಬಿಡಿಸಿತು. ಆಮೇಲೆ ಮಂಡಳಿ ಪಡೆಯ ಮಿತಿಯನ್ನು 17,500ಕ್ಕೆ ಏರಿಸಿತು. 70,000ಕ್ಕೂ ಹೆಚ್ಚು ಹೋರಾಟಗಾರರ ನಿಶ್ಶಸ್ತ್ರೀಕರಣ 2002ರ ಜನವರಿಯಲ್ಲಿ ಮುಗಿಯಿತು. ಚುನಾವಣೆ ನಡೆದದ್ದು ಮೇ ತಿಂಗಳಲ್ಲಿ. ಜೊತೆಗೆ ಯುದ್ಧಾಪರಾಧಗಳ ವಿಚಾರಣೆಗೆ ವಿಶೇಷ ನ್ಯಾಯಾಲಯ. 2005ರ ಕೊನೆಗೆ ಪಡೆ ಹಿಂದಿರುಗಿತು, ಅಂತರ್ಯುದ್ಧ ಮರಳಲಿಲ್ಲ.

ಚುನಾವಣೆ ಎಂದರೆ ಪೈಪೋಟಿ. ಬಂದೂಕು ಕೈಯಲ್ಲಿರುವಾಗ, ತೀರ್ಪು ಹೇಳುವ ನ್ಯಾಯಾಲಯ ಇಲ್ಲದಿರುವಾಗ ಪೈಪೋಟಿ ಹಚ್ಚಿದರೆ ಅದು ಬೆಂಕಿಗೆ ಗಾಳಿ. ಆದ್ದರಿಂದ ಮೊದಲು ಶಸ್ತ್ರ ಒಪ್ಪಿಸುವಿಕೆ, ಪೊಲೀಸ್, ನ್ಯಾಯಾಲಯ, ಸಂಬಳ ಕೊಡುವ ಖಜಾನೆ, ನಂತರ ಮತಪೆಟ್ಟಿಗೆ. ರೋಲಂಡ್ ಪ್ಯಾರಿಸ್ ಮುಂತಾದ ವಿದ್ವಾಂಸರು ಈ ಕ್ರಮಕ್ಕಾಗಿ ವಾದಿಸಿದ್ದಾರೆ, ಅವರ ಮಾತು ಸರಿ ಎಂದೇ ನಮ್ಮ ಅಭಿಪ್ರಾಯ. ಇದರ ಅಪಾಯವೂ ಗೊತ್ತಿರಲಿ: ಚುನಾವಣೆಯನ್ನು ಮುಂದೂಡುತ್ತಾ ಹೋದರೆ ಹಂಗಾಮಿ ಆಡಳಿತಗಾರರು ಹಕ್ಕುದಾರರಾಗಿಬಿಡುತ್ತಾರೆ. ಅದಕ್ಕೇ ದಿನಾಂಕಕ್ಕಿಂತ ಷರತ್ತುಗಳನ್ನು ಒಪ್ಪಂದದಲ್ಲಿ ಬರೆಯುವುದು ಲೇಸು: ಇಷ್ಟು ಶಸ್ತ್ರ ಒಪ್ಪಿಸಿದ ಮೇಲೆ, ಇಷ್ಟು ಜಿಲ್ಲೆಗಳಲ್ಲಿ ನ್ಯಾಯಾಲಯ ತೆರೆದ ಮೇಲೆ.

ರುವಾಂಡಾ, ಸ್ರೆಬ್ರೆನಿತ್ಸಾಗಳಲ್ಲಿ ಪಡೆ ಇದ್ದೂ ಕೊಲೆ ತಡೆಯಲಿಲ್ಲ ಯಾಕೆ?

ರುವಾಂಡಾದಲ್ಲಿ ಅಧಿಕಾರ ಹಂಚಿಕೆಯ ಒಪ್ಪಂದ ಕಾಯಲು ಸುಮಾರು 2,500 ಜನರ ಪಡೆ ಇತ್ತು. 1994ರ ಜನವರಿಯಲ್ಲೇ ದಂಡನಾಯಕ ರೋಮಿಯೊ ಡಲೇರ್ ಶಸ್ತ್ರ ಸಂಗ್ರಹದ ಬಗ್ಗೆ ನ್ಯೂಯಾರ್ಕಿಗೆ ಎಚ್ಚರಿಕೆ ಕಳಿಸಿದ್ದರು. ದಾಳಿಗೆ ಅನುಮತಿ ಸಿಗಲಿಲ್ಲ. ಏಪ್ರಿಲ್ 7ರಂದು ಹತ್ತು ಬೆಲ್ಜಿಯನ್ ಸೈನಿಕರ ಹತ್ಯೆಯಾಯಿತು, ಬೆಲ್ಜಿಯಂ ಹಿಂದೆಗೆಯಿತು. ನರಮೇಧ ನಡೆಯುತ್ತಿರುವಾಗಲೇ, ಏಪ್ರಿಲ್ 21ರಂದು, ಮಂಡಳಿ ಪಡೆಯನ್ನು 270ಕ್ಕೆ ಇಳಿಸಿತು. ಸುಮಾರು ಎಂಟು ಲಕ್ಷ ಜನ ಸತ್ತರು.

ಬೋಸ್ನಿಯಾದಲ್ಲಿ 'ಸುರಕ್ಷಿತ ಪ್ರದೇಶ'ಗಳನ್ನು ಘೋಷಿಸಿದಾಗ 34,000 ಸೈನಿಕರು ಬೇಕೆಂಬ ಅಂದಾಜಿತ್ತು. ಮಂಡಳಿ ಒಪ್ಪಿದ್ದು 7,600. ಅಲ್ಲಿ ಸುರಕ್ಷೆ ಇದೆ ಎಂದು ನಂಬಿ ಜನ ಬಂದರು. 1995ರ ಜುಲೈನಲ್ಲಿ ಅವುಗಳಲ್ಲೊಂದಾದ ಸ್ರೆಬ್ರೆನಿತ್ಸಾ ಬಿದ್ದಾಗ ಬೋಸ್ನಿಯಾದ ಸರ್ಬ್ ಪಡೆಗಳು ಸುಮಾರು 8,000 ಗಂಡಸರು ಮತ್ತು ಹುಡುಗರನ್ನು ಕೊಂದವು. ಕೊಡಲಾಗದ ರಕ್ಷಣೆಯನ್ನು ಘೋಷಿಸುವುದು, ಘೋಷಿಸದೆ ಇರುವುದಕ್ಕಿಂತ ಕ್ರೂರ.

ಈ ಎರಡರ ನಂತರ ಬಂದ ಬದಲಾವಣೆ ಎಂದರೆ 1999ರ ಅಕ್ಟೋಬರಿನ 1270ನೇ ನಿರ್ಣಯ. ದೈಹಿಕ ಹಿಂಸೆಯ ಬೆದರಿಕೆ ಎದುರಿಸುತ್ತಿರುವ ನಾಗರಿಕರನ್ನು ರಕ್ಷಿಸುವ ಅಧಿಕಾರ ಶಾಂತಿಪಡೆಯೊಂದಕ್ಕೆ ಮೊದಲ ಸಲ ನೇರವಾಗಿ ಸಿಕ್ಕಿತು. ವ್ಯಕ್ತಿಯ ಹಕ್ಕು ಅಂದಿನಿಂದ ಕಾರ್ಯಾದೇಶದ ಭಾಗವಾಯಿತು.

'ರಕ್ಷಿಸುವ ಹೊಣೆ' ಎಂಬುದೂ ಇದೂ ಒಂದೇನಾ?

ಬೇರೆ. 2005ರ ವಿಶ್ವ ಶೃಂಗಸಭೆ ಒಪ್ಪಿದ ಆ ಸೂತ್ರ ನರಮೇಧ, ಯುದ್ಧಾಪರಾಧ, ಜನಾಂಗೀಯ ನಿರ್ಮೂಲನ, ಮಾನವತೆಯ ವಿರುದ್ಧದ ಅಪರಾಧ ಈ ನಾಲ್ಕಕ್ಕೆ ಸೀಮಿತ; ಕೊನೆಗೆ ಸರ್ಕಾರದ ಒಪ್ಪಿಗೆ ಇಲ್ಲದೆಯೂ ಮಂಡಳಿ ಕ್ರಮ ಕೈಗೊಳ್ಳಬಹುದು. ಶಾಂತಿಪಾಲನೆಗೆ ಒಪ್ಪಿಗೆ ಬೇಕೇ ಬೇಕು. 2011ರಲ್ಲಿ ಲಿಬಿಯಾದ ನಾಗರಿಕರ ರಕ್ಷಣೆಗೆಂದು ಬಲಪ್ರಯೋಗಕ್ಕೆ ಅನುಮತಿ ಕೊಟ್ಟ 1973ನೇ ನಿರ್ಣಯಕ್ಕೆ ಭಾರತ ಮತ ಹಾಕದೆ ಹೊರಗುಳಿಯಿತು.

ಇದು ಹೊಸ ರೂಪದ ವಸಾಹತುಶಾಹಿ ಅಲ್ಲವೇ?

ಈ ಆರೋಪವನ್ನು ಸುಮ್ಮನೆ ತಳ್ಳಿಹಾಕಲಾಗದು. ಪೂರ್ವ ತಿಮೋರಿನಲ್ಲಿ 1999ರಿಂದ 2002ರ ಮೇವರೆಗೆ ಶಾಸನ, ಕಾರ್ಯಾಂಗ, ನ್ಯಾಯಾಡಳಿತ ಮೂರೂ ವಿಶ್ವಸಂಸ್ಥೆಯ ಒಬ್ಬ ಆಡಳಿತಾಧಿಕಾರಿಯ ಕೈಯಲ್ಲಿದ್ದವು. ಅಧಿಕಾರ ವಿಭಜನೆಯ ಪಾಠ ಹೇಳಲು ಹೋದ ಸಂಸ್ಥೆಗೇ ಅಧಿಕಾರ ವಿಭಜನೆ ಇರಲಿಲ್ಲ. ಆದರೂ ಆ ಆಡಳಿತ ತಿಮೋರಿನ ಜನರಿಗೆ ಅಧಿಕಾರ ಒಪ್ಪಿಸಿ ಹೊರಟಿತು ಎಂಬುದೂ ನಿಜ, ವಸಾಹತುಗಳಿಗೂ ಇದಕ್ಕೂ ಇರುವ ಅಂತರ ಅದು.

ಇನ್ನೊಂದು ಅಸಮಾನತೆ ಹಣ ಮತ್ತು ಪ್ರಾಣದ್ದು. ಖರ್ಚಿನ ದೊಡ್ಡ ಪಾಲು ಅಮೆರಿಕ, ಚೀನಾ, ಜಪಾನ್ ಮತ್ತು ಯುರೋಪಿನ ದೇಶಗಳದು. ಕಾರ್ಯಾದೇಶ ಬರೆಯುವವರು ಭದ್ರತಾ ಮಂಡಳಿಯವರು. ಸೈನಿಕರನ್ನು ಕೊಡುವವರು ನೇಪಾಳ, ರುವಾಂಡಾ, ಬಾಂಗ್ಲಾದೇಶ, ಭಾರತ. 2018ರ ಜುಲೈಯಿಂದ ಒಬ್ಬ ಸೈನಿಕನಿಗೆ ತಿಂಗಳಿಗೆ 1,428 ಡಾಲರ್ ಎಂದು ನಿಗದಿಯಾಗಿತ್ತು, ಅದೂ ಸರ್ಕಾರಕ್ಕೆ ಸಲ್ಲುವ ಹಣ. ನಿಯಮ ಪಾಲಿಸಬೇಕಾದವರೇ ನಿಯಮ ರೂಪಿಸಬೇಕು ಎಂಬ ಉದಾರವಾದಿ ತತ್ತ್ವ ಇಲ್ಲಿ ಸೋಲುತ್ತದೆ.

ಶಾಂತಿಪಾಲಕರೇ ತಪ್ಪು ಮಾಡಿದರೆ ಶಿಕ್ಷೆ ಯಾರು ಕೊಡುತ್ತಾರೆ?

ಸೈನಿಕನಾದರೆ ಅವನನ್ನು ಕಳಿಸಿದ ದೇಶ ಮಾತ್ರ. ಆತಿಥೇಯ ದೇಶದ ನ್ಯಾಯಾಲಯಕ್ಕೆ ಅಧಿಕಾರವಿಲ್ಲ. ವಿಶ್ವಸಂಸ್ಥೆ ಅವನನ್ನು ವಾಪಸ್ ಕಳಿಸಬಹುದು, ಅಷ್ಟೇ. ಲೈಂಗಿಕ ಶೋಷಣೆಯ ಪ್ರಕರಣಗಳಲ್ಲಿ ಸಂತ್ರಸ್ತೆಗೆ ತೀರ್ಪು ಏನಾಯಿತೆಂದೂ ತಿಳಿಯದೆ ಹೋಗುವುದು ಇದರಿಂದಲೇ. ಸಂಸ್ಥೆಗೆ ಮೊಕದ್ದಮೆಗಳಿಂದ 1946ರ ಒಪ್ಪಂದದ ರಕ್ಷೆ ಇದೆ. 2010ರ ಅಕ್ಟೋಬರಿನಲ್ಲಿ ಹೈಟಿಯಲ್ಲಿ ಶಾಂತಿಪಾಲಕರ ಶಿಬಿರವೊಂದರ ಮಲಿನ ನೀರು ನದಿಗೆ ಸೇರಿ ಕಾಲರಾ ಹಬ್ಬಿತು, ಸುಮಾರು 10,000 ಜನ ಸತ್ತರು. ಸಂತ್ರಸ್ತರ ಮೊಕದ್ದಮೆ ಅಮೆರಿಕದ ನ್ಯಾಯಾಲಯಗಳಲ್ಲಿ ಈ ರಕ್ಷೆಯ ಕಾರಣದಿಂದಲೇ ಬಿದ್ದುಹೋಯಿತು. ಆಗಿನ ಮಹಾಕಾರ್ಯದರ್ಶಿ ಬಾನ್ ಕಿ ಮೂನ್ ಕ್ಷಮೆ ಕೇಳಿದ್ದು 2016ರ ಡಿಸೆಂಬರಿನಲ್ಲಿ. ಕಾನೂನಿನ ಆಳ್ವಿಕೆಯನ್ನು ಕಲಿಸಬೇಕಾದವರು ಕಾನೂನಿಗೆ ಸಿಗದೆ ಇರುವುದು ಇಡೀ ಯೋಜನೆಯ ಅತಿ ದೊಡ್ಡ ಗಾಯ, ಅದಕ್ಕೆ ಇನ್ನೂ ಮದ್ದು ಹಚ್ಚಿಲ್ಲ.

ಒಂದು ಕಾರ್ಯಾಚರಣೆ ಗಟ್ಟಿಯೋ ಪೊಳ್ಳೋ ಎಂದು ನಿರ್ಣಯ ಓದಿ ಹೇಳಬಹುದೇ?

ಬಹುಮಟ್ಟಿಗೆ ಹೇಳಬಹುದು. ನಿರ್ಣಯಗಳು ವಿಶ್ವಸಂಸ್ಥೆಯ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಪೀಠಿಕೆಯ ಪ್ಯಾರಾಗಳನ್ನು ದಾಟಿ ಸಂಖ್ಯೆ ಹಾಕಿದ ಪ್ಯಾರಾಗಳಿಗೆ ಬನ್ನಿ. '7ನೇ ಅಧ್ಯಾಯದ ಅಡಿ' ಎಂಬ ಮಾತು ಇದೆಯೇ? ಇದ್ದರೆ ಇಡೀ ನಿರ್ಣಯಕ್ಕೋ, ಕೆಲವು ಪ್ಯಾರಾಗಳಿಗೋ? 'ಅಗತ್ಯವಾದ ಎಲ್ಲ ಕ್ರಮ' ಎಂದಿದ್ದರೆ ಬಲಪ್ರಯೋಗಕ್ಕೆ ಅನುಮತಿ ಇದೆ ಎಂದರ್ಥ. ಅದರ ಬೆನ್ನಿಗೇ 'ಸಾಮರ್ಥ್ಯದ ಮಿತಿಯಲ್ಲಿ', 'ಪಡೆ ಇರುವ ಪ್ರದೇಶಗಳಲ್ಲಿ' ಎಂಬ ಷರತ್ತುಗಳು ಬಂದರೆ ಎಲ್ಲಿ ರಕ್ಷಣೆ ಸಿಗುವುದಿಲ್ಲ ಎಂಬುದು ತಿಳಿಯುತ್ತದೆ.

ಆಮೇಲೆ ಕ್ರಿಯಾಪದ ನೋಡಿ. 'ನಿರ್ಧರಿಸುತ್ತದೆ' ಮತ್ತು 'ಅಧಿಕಾರ ನೀಡುತ್ತದೆ' ಎಂಬವುಗಳಿಗೆ ಬಲ ಹೆಚ್ಚು, 'ಒತ್ತಾಯಿಸುತ್ತದೆ', 'ಕರೆಕೊಡುತ್ತದೆ' ಎಂಬವುಗಳಿಗೆ ಕಡಿಮೆ. ಕೆಲಸಗಳನ್ನು ಎಣಿಸಿ, ಪಕ್ಕದಲ್ಲಿ ಸೈನಿಕರ ಗರಿಷ್ಠ ಸಂಖ್ಯೆ ಬರೆದುಕೊಳ್ಳಿ. ಅದೇ ವಿಷಯದ ಮೇಲಿನ ಮಹಾಕಾರ್ಯದರ್ಶಿಯವರ ವರದಿ ತೆಗೆದು ಅವರು ಎಷ್ಟು ಕೇಳಿದ್ದರು ಎಂದು ಹೋಲಿಸಿ. ಕೇಳಿದ್ದಕ್ಕೂ ಕೊಟ್ಟಿದ್ದಕ್ಕೂ ಅಂತರ ದೊಡ್ಡದಾದಷ್ಟೂ ಅನುಮಾನ ಇರಲಿ. ಆತಿಥೇಯ ಸರ್ಕಾರದ ಪತ್ರವನ್ನು ಪೀಠಿಕೆಯಲ್ಲಿ ಉಲ್ಲೇಖಿಸಿದ್ದಾರೆಯೇ ನೋಡಿ, ಒಪ್ಪಿಗೆಯ ಗಟ್ಟಿತನ ಅಲ್ಲಿ ಕಾಣುತ್ತದೆ. ಮತದಾನದಲ್ಲಿ ಕಾಯಂ ಸದಸ್ಯರಲ್ಲಿ ಯಾರು ಹೊರಗುಳಿದರು ಎಂಬುದನ್ನೂ ಗುರುತು ಹಾಕಿಕೊಳ್ಳಿ, ಮುಂದಿನ ನವೀಕರಣದ ಹೊತ್ತಿಗೆ ತಕರಾರು ಬರುವುದು ಬಹುಶಃ ಅವರಿಂದಲೇ. ಕೊನೆಯದಾಗಿ ಅವಧಿ: ಸಾಮಾನ್ಯವಾಗಿ ಆರು ತಿಂಗಳು ಅಥವಾ ಒಂದು ವರ್ಷ. ಇಷ್ಟನ್ನು ನೋಟ್‌ಬುಕ್ಕಿನ ಒಂದು ಪುಟದಲ್ಲಿ ಬರೆದಿಟ್ಟು, ಅವಧಿ ಮುಗಿದಾಗ ಬರುವ ಹೊಸ ನಿರ್ಣಯದ ಜೊತೆ ಪ್ಯಾರಾ ಪ್ಯಾರಾ ಹಿಡಿದು ತಾಳೆ ನೋಡಿ.